ಕಡತದಲ್ಲಿರುವ ಕಾರಣ, ನಿಜವಾದ ಕಾರಣ

ಮಾನ್ಯರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಪತ್ರ ಉದ್ದವಿದ್ದುದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಕೊಡುತ್ತೇನೆ. ನೀವು ವಾರಾಂತ್ಯಗಳಲ್ಲಿ ಪ್ರಾಣಿಗಳ ಆಶ್ರಯಧಾಮಕ್ಕೆ ಹೋಗಿ ನಾಯಿಗಳನ್ನು ಅಡ್ಡಾಡಿಸಿ ಬರುವವರು. ನಿಮಗೆ ಚೆನ್ನಾಗಿ ಒಗ್ಗಿಕೊಂಡಿದ್ದ ಕಂದು ನಾಯಿಯೊಂದು ಒಂದು ಶನಿವಾರ ಬೋನಿನಲ್ಲಿರಲಿಲ್ಲ. ಕೇಳಿದರೆ ‘ಆಕ್ರಮಣಕಾರಿ ಸ್ವಭಾವ, ದಯಾಮರಣ ಕೊಟ್ಟೆವು’ ಎಂದರು. ಅದೇ ಧಾಮದಲ್ಲಿ ಮೂತ್ರಪಿಂಡ ಕೆಟ್ಟ ಮುದಿ ಬೆಕ್ಕೊಂದಕ್ಕೆ ತಿಂಗಳುಗಟ್ಟಲೆ ಡ್ರಿಪ್ ಹಾಕುತ್ತಿದ್ದಾರೆ. ‘ಗಟ್ಟಿಮುಟ್ಟಾದ ನಾಯಿಗೆ ಸೂಜಿ, ಸಾಯುವ ಬೆಕ್ಕಿಗೆ ಶುಶ್ರೂಷೆ, ಇದು ಯಾವ ನ್ಯಾಯ? ಯಾವ ಪ್ರಾಣಿಯನ್ನೂ ಕೊಲ್ಲಕೂಡದು ಎಂದು ಪತ್ರಿಕೆ ಅಭಿಯಾನ ಮಾಡಲಿ’ ಎಂಬುದು ನಿಮ್ಮ ಬೇಡಿಕೆ. ಕೊನೆಯಲ್ಲಿ, ದಯಾಮರಣ ಕೊಡುವ ಹೊತ್ತಿನಲ್ಲಿ ಸ್ವಯಂಸೇವಕರು ಪ್ರಾಣಿಯ ಜೊತೆಗಿರಬಹುದೇ ಎಂದೂ ಕೇಳಿದ್ದೀರಿ.

ಅಭಿಯಾನ ಮಾಡುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಮೊದಲು ನಾಯಿಯ ವಿಷಯಕ್ಕೆ ಬರೋಣ, ಅಲ್ಲಿ ನಿಮ್ಮ ಸಿಟ್ಟು ಸರಿಯಾಗಿಯೇ ಇದೆ.

‘ಆಕ್ರಮಣಕಾರಿ’ ಎಂಬ ಷರಾ ಹೇಗೆ ಬಿತ್ತು ಎಂದು ಯಾರಾದರೂ ನಿಮಗೆ ಹೇಳಿದರೇ? ಅನೇಕ ಧಾಮಗಳಲ್ಲಿ ಅದಕ್ಕೊಂದು ಪರೀಕ್ಷೆಯಿದೆ. ಕೋಲಿನ ತುದಿಗೆ ಪ್ಲಾಸ್ಟಿಕ್ ಕೈ ಸಿಕ್ಕಿಸಿ, ನಾಯಿ ಉಣ್ಣುತ್ತಿರುವಾಗ ಅದನ್ನು ಬಟ್ಟಲಿಗೆ ಹಾಕಿ ಊಟವನ್ನು ಆಚೆ ಎಳೆಯುತ್ತಾರೆ. ನಾಯಿ ಗುರ್ರೆಂದರೆ ಒಂದು ಅಂಕ, ಕಚ್ಚಿದರೆ ಇನ್ನೊಂದು. ಸುತ್ತ ನಾಯಿಗಳು ಒಂದೇ ಸಮನೆ ಬೊಗಳುತ್ತಿರುವ, ರಾತ್ರಿ ಸರಿಯಾಗಿ ನಿದ್ದೆಯೂ ಇಲ್ಲದ ಜಾಗದಲ್ಲಿ, ಹಿಂದಿನ ವಾರವಷ್ಟೇ ಮನೆ ಕಳೆದುಕೊಂಡ ಪ್ರಾಣಿಯ ಮೇಲೆ ಮಾಡುವ ಪರೀಕ್ಷೆ ಇದು. ಧಾಮದಲ್ಲಿ ಬಟ್ಟಲಿನ ಹತ್ತಿರ ಬಂದವರಿಗೆ ಗುರ್ರೆನ್ನುತ್ತಿದ್ದ ಎಷ್ಟೋ ನಾಯಿಗಳು ದತ್ತು ಹೋದ ಮನೆಯಲ್ಲಿ ಆ ಚಾಳಿ ತೋರಿಸಲಿಲ್ಲ ಎಂಬುದು ಅಧ್ಯಯನಗಳಲ್ಲಿ ಕಂಡಿದೆ. 2016ರಲ್ಲಿ ಗ್ಯಾರಿ ಪ್ಯಾಟ್ರೊನೆಕ್ ಮತ್ತು ಜಾನಿಸ್ ಬ್ರ್ಯಾಡ್ಲಿ ಎಂಬ ಅಮೆರಿಕದ ತಜ್ಞರು ಇಂಥ ಪರೀಕ್ಷೆಗಳನ್ನು ಜಾಲಾಡಿ, ನಾಣ್ಯ ಚಿಮ್ಮಿದರೂ ಇಷ್ಟೇ ಎಂಬರ್ಥದಲ್ಲಿ ಬರೆದರು.

ಅವರ ವಾದದ ತಿರುಳು ಸರಳ ಗಣಿತ. ನೂರು ನಾಯಿಗಳಲ್ಲಿ ನಿಜಕ್ಕೂ ಅಪಾಯಕಾರಿ ಹತ್ತು ಎಂದಿಟ್ಟುಕೊಳ್ಳಿ. ಪರೀಕ್ಷೆ ನೂರಕ್ಕೆ ಎಂಬತ್ತು ಸಲ ಸರಿ ಹೇಳುತ್ತದೆ ಎಂದೂ ಇಟ್ಟುಕೊಳ್ಳಿ, ಅದೇ ಹೆಚ್ಚಾಯಿತು. ಆಗ ಆ ಹತ್ತರಲ್ಲಿ ಎಂಟು ಸಿಕ್ಕಿಬೀಳುತ್ತವೆ. ಉಳಿದ ತೊಂಬತ್ತು ಸಾಧು ನಾಯಿಗಳಲ್ಲೂ ಹದಿನೆಂಟಕ್ಕೆ ತಪ್ಪಾಗಿ ಹಣೆಪಟ್ಟಿ ಬೀಳುತ್ತದೆ. ಅಂದರೆ ‘ಆಕ್ರಮಣಕಾರಿ’ ಎನಿಸಿಕೊಂಡ ಇಪ್ಪತ್ತಾರರಲ್ಲಿ ಹದಿನೆಂಟು ನಿರಪರಾಧಿಗಳು. ಇಂಥ ಫಲಿತಾಂಶವನ್ನು ಇನ್ನಷ್ಟು ಗಮನಿಸಲು ಕಾರಣ ಮಾಡಿಕೊಳ್ಳಬಹುದೇ ಹೊರತು ಸೂಜಿ ಹಿಡಿಯಲು ಅಲ್ಲ. ಹಿಂದೆ ಯಾರನ್ನಾದರೂ ಗಂಭೀರವಾಗಿ ಕಚ್ಚಿದ ದಾಖಲೆಯಿದ್ದರೆ ಮಾತು ಬೇರೆ. ಅಂಥ ನಾಯಿಯನ್ನು ಮಕ್ಕಳಿರುವ ಮನೆಗೆ ಕಳುಹಿಸಿ ಎಂದು ನಾನಂತೂ ಹೇಳಲಾರೆ. ನಿಮ್ಮ ನಾಯಿಗೆ ಅಂಥ ಚರಿತ್ರೆಯಿತ್ತೇ ಎಂದು ಧಾಮದವರನ್ನು ಕೇಳಿ. ವಾರವಾರವೂ ಅದರ ಹಗ್ಗ ಹಿಡಿದು ನಡೆದವರನ್ನು ಒಂದು ಮಾತೂ ಕೇಳದೆ ಅದರ ಸ್ವಭಾವವನ್ನು ತೀರ್ಮಾನಿಸಿದ್ದೇ ನನಗೆ ದೊಡ್ಡ ಲೋಪವಾಗಿ ಕಾಣುತ್ತದೆ.

ಬೆಕ್ಕಿನ ವಿಷಯದಲ್ಲಿ ನಿಮ್ಮ ಜೊತೆ ನಿಲ್ಲಲಾರೆ. ಹಳೆಯ ಮೂತ್ರಪಿಂಡದ ಕಾಯಿಲೆ ವಾಸಿಯಾಗದಿದ್ದರೂ ಚರ್ಮದಡಿ ದ್ರವ ಕೊಟ್ಟು, ಪಥ್ಯ ಮಾಡಿಸಿ ಬೆಕ್ಕನ್ನು ಬಹಳ ಕಾಲ ನೆಮ್ಮದಿಯಾಗಿ ಇಡಬಹುದು. ಮುದಿತನ ಸಾಯಿಸಲು ಕಾರಣವಲ್ಲ. ಅದು ಹೇಗೆ ಬದುಕುತ್ತಿದೆ ಎಂಬುದಕ್ಕೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲಲೋಬೋಸ್ ರೂಪಿಸಿದ ಅಳತೆಗೋಲೊಂದಿದೆ: ನೋವು, ಹಸಿವು, ನೀರಿನಂಶ, ಶುಚಿತ್ವ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬುದು, ಹೀಗೆ ಏಳಕ್ಕೂ ಹತ್ತತ್ತು ಅಂಕ, ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು, ಮೊತ್ತ 35 ದಾಟಿದರೆ ಆರೈಕೆ ಮುಂದುವರಿಸಬಹುದು. ಇದೂ ಕೊನೆಗೆ ಅಂದಾಜೇ. ಆದರೆ ವಾರಕ್ಕೊಮ್ಮೆ ಬರೆದಿಟ್ಟರೆ ಇಳಿಮುಖ ಕಣ್ಣಿಗೆ ಬೀಳುತ್ತದೆ.

‘ವಾಸಿಯಾಗದ ಕಾಯಿಲೆ’ ಎಂಬುದು ಕೂಡ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಬೆಕ್ಕುಗಳಿಗೆ ವೈರಾಣುವಿನಿಂದ ಬರುವ ಎಫ್‌ಐಪಿ ಎಂಬ ರೋಗ ಪತ್ತೆಯಾದರೆ ಸಾವು ಖಚಿತ ಎಂದೇ ದಶಕಗಳ ಕಾಲ ಪಶುವೈದ್ಯರು ನಂಬಿದ್ದರು, ಕಂಡೊಡನೆ ದಯಾಮರಣದ ಸಲಹೆ ಕೊಡುತ್ತಿದ್ದರು. 2019ರಲ್ಲಿ ಕ್ಯಾಲಿಫೋರ್ನಿಯಾದ ನೀಲ್ಸ್ ಪೆಡರ್ಸನ್ ತಂಡ 31 ಬೆಕ್ಕುಗಳಿಗೆ ಹೊಸ ಔಷಧವೊಂದನ್ನು ಕೊಟ್ಟು ನೋಡಿತು, ಬಹುಪಾಲು ಬದುಕುಳಿದವು.

ಈಗ ಅಭಿಯಾನದ ಮಾತು. ‘ಕೊಲ್ಲದ ಧಾಮ’ ಎಂಬ ಫಲಕಕ್ಕೆ ಚಾಲ್ತಿಯಲ್ಲಿರುವ ಮಾನದಂಡವೆಂದರೆ ಒಳಬಂದ ನೂರರಲ್ಲಿ ತೊಂಬತ್ತನ್ನು ಜೀವಂತವಾಗಿ ಹೊರಗೆ ಕಳುಹಿಸುವುದು. ಒಳಗೇ ಬಿಟ್ಟುಕೊಳ್ಳದೆ ಬಾಗಿಲಲ್ಲೇ ವಾಪಸು ಕಳುಹಿಸಿದವು ಆ ಲೆಕ್ಕಕ್ಕೆ ಬರುವುದಿಲ್ಲ. ವಾಸಿಯಾಗುವಂಥ, ದತ್ತು ಹೋಗುವಂಥವನ್ನೇ ಆರಿಸಿಕೊಂಡರೆ ತೊಂಬತ್ತು ತಲುಪುವುದು ಏನೂ ಕಷ್ಟವಲ್ಲ. ಎಲ್ಲವನ್ನೂ ಒಳಗೆ ಬಿಟ್ಟುಕೊಂಡು ಒಂದಕ್ಕೂ ದಯಾಮರಣ ಕೊಡದ ಧಾಮ ಬೇರೆ ದಾರಿಯಲ್ಲಿ ಕೆಡುತ್ತದೆ. ಬೋನು ತೊಳೆಯಲು, ಊಟ ಹಾಕಲು ಒಂದು ಪ್ರಾಣಿಗೆ ದಿನಕ್ಕೆ ಕನಿಷ್ಠ 15 ನಿಮಿಷ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ಎಂಬತ್ತು ಪ್ರಾಣಿಗಳಿಗೆ ಅದೇ ಇಪ್ಪತ್ತು ಗಂಟೆ ಆಯಿತು, ಔಷಧ, ಅಡ್ಡಾಟ, ಮುದ್ದು ಎಲ್ಲ ಆಮೇಲೆ. ಕೈಗಳು ಸಾಲದಾದಾಗ ಶುಚಿತ್ವ ತಪ್ಪುತ್ತದೆ, ಪಾರ್ವೊ ಎಂಬ ಮಾರಕ ಸೋಂಕು ಹಬ್ಬುತ್ತದೆ, ಮರಿಗಳು ಸಾಲುಸಾಲಾಗಿ ಸಾಯುತ್ತವೆ. ಅವನ್ನು ಯಾರೂ ಕೊಂದಿರುವುದಿಲ್ಲ! ಅಮೆರಿಕದ ಧಾಮ ಪಶುವೈದ್ಯರ ಸಂಘ 2010ರಲ್ಲಿ ಹೊರತಂದು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಸಾಮರ್ಥ್ಯ ಮೀರಿ ತುಂಬಿಸಿಕೊಳ್ಳುವುದನ್ನು ಒಪ್ಪದಿರುವುದು ಇದಕ್ಕೇ.

ಆದ್ದರಿಂದ ‘ಕೊಲ್ಲಬೇಡಿ’ ಎಂಬ ಘೋಷಣೆಗಿಂತ ‘ಕಾರಣವನ್ನು ನಿಜವಾಗಿ ಬರೆಯಿರಿ’ ಎಂಬ ಒತ್ತಾಯವನ್ನು ಈ ಪತ್ರಿಕೆ ಮಾಡುತ್ತದೆ. ಜಾಗವಿಲ್ಲದ್ದಕ್ಕೆ ಸಾಯಿಸಿದರೆ ಜಾಗವಿಲ್ಲ ಎಂದೇ ಬರೆಯಬೇಕು. ನಿಮ್ಮ ನಾಯಿಯ ವಿಷಯದಲ್ಲಿ ನನಗೆ ಇರುವ ಅನುಮಾನವೇ ಇದು: ಆ ವಾರ ಬೋನುಗಳು ಭರ್ತಿಯಾಗಿದ್ದವೇ? ‘ಆಕ್ರಮಣಕಾರಿ’ ಎಂದು ಬರೆದರೆ ತಪ್ಪು ನಾಯಿಯದಾಗುತ್ತದೆ. ‘ಜಾಗವಿಲ್ಲ’ ಎಂದು ಬರೆದರೆ ಅದು ಆಡಳಿತ ಮಂಡಳಿಯ ಮೇಲೆ, ಅನುದಾನ ಕೊಡುವವರ ಮೇಲೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದ ಮಾಲೀಕರ ಮೇಲೆ ಬರುತ್ತದೆ. ಸಾಕಿ ಬೇಸರವಾದೊಡನೆ ತಂದು ಬಿಡುವವರೂ ಅದರಲ್ಲಿ ಸೇರುತ್ತಾರೆ. ತೀರ್ಮಾನಕ್ಕೆ ಪಶುವೈದ್ಯರಲ್ಲದೆ ಆ ಪ್ರಾಣಿಯನ್ನು ದಿನವೂ ನೋಡುವ ಒಬ್ಬರಾದರೂ ಸಹಿ ಹಾಕಲಿ. ನೋವಿನಲ್ಲಿ ನರಳುತ್ತಿಲ್ಲದ ಪ್ರಾಣಿಯಾದರೆ ಕೆಲವು ದಿನ ಮುಂಚೆಯೇ ಸ್ವಯಂಸೇವಕರಿಗೆ, ತಾತ್ಕಾಲಿಕವಾಗಿ ಸಾಕಿಕೊಳ್ಳುವ ಮನೆಗಳಿಗೆ ತಿಳಿಸಲಿ. ಈ ಮಾತುಗಳನ್ನು ಧಾಮಕ್ಕೂ ಬರೆದಿದ್ದೇವೆ. ಉತ್ತರ ಬಂದರೆ ಪ್ರಕಟಿಸುತ್ತೇವೆ.

ಒಂದು ಮಾತು ಸಿಬ್ಬಂದಿಯ ಪರವಾಗಿ. ಪತ್ರದಲ್ಲಿ ಅವರನ್ನು ‘ಕಟುಕರು’ ಎಂದಿದ್ದೀರಿ, ಆ ಪದವನ್ನು ನಾನು ಕೈಬಿಟ್ಟಿದ್ದೇನೆ. ಬೆಳಗ್ಗೆ ನಾಯಿಗೆ ಊಟ ಹಾಕಿದ ಕೈಯೇ ಮಧ್ಯಾಹ್ನ ಸೂಜಿ ಚುಚ್ಚುವಾಗ ಅದನ್ನು ಹಿಡಿದುಕೊಳ್ಳಬೇಕಾದ ಕೆಲಸ ಅದು. ತತ್ವಶಾಸ್ತ್ರಜ್ಞ ಬರ್ನಾರ್ಡ್ ರೋಲಿನ್ ಈ ಸಂಕಟ ಸಾಮಾನ್ಯ ಕೆಲಸದೊತ್ತಡವಲ್ಲ, ಪ್ರಾಣಿಗಳ ಮೇಲಿನ ಪ್ರೀತಿಗಾಗಿ ಸೇರಿದ ಕೆಲಸವೇ ಕೊಲ್ಲಲು ಹೇಳುವುದರಿಂದ ಹುಟ್ಟುವ ನೈತಿಕ ಒತ್ತಡ ಎಂದು ಗುರುತಿಸಿದ್ದರು. ತೀರ್ಮಾನ ಮಂಡಳಿಯದು, ಬೈಗುಳ ಮಾತ್ರ ಬೋನು ತೊಳೆಯುವವನಿಗೆ ಎಂದಾಗಬಾರದು.

ನಿಮ್ಮ ಕೊನೆಯ ಪ್ರಶ್ನೆಗೆ: ದಯಾಮರಣದ ಹೊತ್ತಿನಲ್ಲಿ ಸ್ವಯಂಸೇವಕರು ಜೊತೆಗಿರಬಹುದು, ಇರಲು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಸರಿಯಾದ ಕ್ರಮದಲ್ಲಿ ಮಾಡಿದರೆ ಮೊದಲು ಮಂಪರಿನ ಚುಚ್ಚುಮದ್ದು, ಪ್ರಾಣಿ ಮಲಗಿದ ಮೇಲೆ ರಕ್ತನಾಳಕ್ಕೆ ಪೆಂಟೋಬಾರ್ಬಿಟಲ್ ಎಂಬ ದಯಾಮರಣದ ಮದ್ದು. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ನಿಮಿಷಗಳಲ್ಲಿ ಉಸಿರು, ಹೃದಯ ನಿಲ್ಲುತ್ತವೆ. ವೈದ್ಯರು ಸ್ಟೆತೊಸ್ಕೋಪ್ ಇಟ್ಟು ಖಚಿತಪಡಿಸಿಕೊಳ್ಳಬೇಕು. ಉಸಿರು ನಿಂತ ಮೇಲೂ ಒಂದೆರಡು ಸಲ ಎದೆ ಸೆಳೆಯಬಹುದು, ಕಣ್ಣು ತೆರೆದೇ ಉಳಿಯಬಹುದು. ಇದು ಮೊದಲೇ ತಿಳಿದಿರಲಿ, ಇಲ್ಲದಿದ್ದರೆ ಹೌಹಾರುತ್ತೀರಿ. ಪರಿಚಿತ ದನಿ ಪಕ್ಕದಲ್ಲಿದ್ದರೆ ನಾಯಿ ಕಡಿಮೆ ಒದ್ದಾಡುತ್ತದೆ, ಹಿಡಿಯುವವರಿಗೂ ಸಲೀಸು. ಆದರೆ ಅಲ್ಲಿ ನಿಂತು ವಾದಿಸುವುದಾದರೆ ಹೋಗಬೇಡಿ. ವಾದವೇನಿದ್ದರೂ ಹಿಂದಿನ ದಿನವೇ ಮುಗಿಯಲಿ, ಬರವಣಿಗೆಯಲ್ಲಿರಲಿ, ಒಂದು ಪ್ರತಿ ನಮಗೂ ಕಳುಹಿಸಿ.

ಸಂಪಾದಕ