ಊರಿನಲ್ಲಿರುವ ವಯಸ್ಸಾದ ತಂದೆತಾಯಿಯ ಕಾವಲಿಗೆ ರಾಟ್‌ವೀಲರ್ ತರಬಹುದೇ?

ನಿಮ್ಮ ಪ್ರಶ್ನೆಯಲ್ಲಿ ಊರಿನ ಹೆಸರನ್ನಷ್ಟೇ ಬದಲಿಸಿದರೆ ಅದು ಕೆಲವು ವರ್ಷಗಳ ಹಿಂದಿನ ನನ್ನದೇ ಪ್ರಶ್ನೆ. ಮಕ್ಕಳಾದ ನಾವು ಬೆಂಗಳೂರಿನಲ್ಲಿ, ಎಪ್ಪತ್ತು ದಾಟಿದ ಅಪ್ಪಯ್ಯ ಮತ್ತು ಅಮ್ಮ ತೀರ್ಥಹಳ್ಳಿ ಕಡೆಯ ಒಂಟಿ ಮನೆಯಲ್ಲಿ. ಸುತ್ತಲೂ ತೋಟ, ಪಕ್ಕದ ಮನೆಗೆ ಹೋಗಬೇಕಾದರೆ ಹಳ್ಳ ದಾಟಬೇಕು. ಅಡಿಕೆಗೆ ಬೆಲೆ ಬಂದ ವರ್ಷವೆಲ್ಲ ಕಳವಿನ ಸುದ್ದಿ. ರಾಟ್‌ವೀಲರ್, ಕಕೇಶಿಯನ್ ಶೆಫರ್ಡ್, ಮುಧೋಳ, ಈ ಮೂರು ನಾಯಿ ತಳಿಗಳಲ್ಲಿ ಯಾವುದು ಎಂದು ನೀವು ಕೇಳಿದ್ದೀರಿ. ನಾನು ರಾಟ್‌ವೀಲರ್ ತಂದಿದ್ದೆ. ಕಾಗದಪತ್ರದಲ್ಲಿ ಅವನಿಗೆ ಉದ್ದನೆಯ ಜರ್ಮನ್ ಹೆಸರೊಂದಿತ್ತು; ಅಪ್ಪಯ್ಯ ಮೊದಲ ದಿನವೇ ಕರಿಯ ಎಂದು ಕರೆದರು, ಅದೇ ನಿಂತಿತು.

ತಳಿಯ ಆಯ್ಕೆಯಲ್ಲಿ ಎಡವಿದೆನೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಎಡವಿದ್ದು ಮೊದಲ ವರ್ಷದ ಸಾಕಣೆಯಲ್ಲಿ. ಮರಿ ಮಾರಿದವರು ಹಣ ಎಣಿಸಿಕೊಳ್ಳುತ್ತಲೇ, "ವರ್ಷ ತುಂಬುವವರೆಗೆ ಹೊರಗಿನವರು ಯಾರೂ ಮುಟ್ಟದಂತೆ ನೋಡಿಕೊಳ್ಳಿ, ಸಲುಗೆ ಬೆಳೆದರೆ ಕಾವಲು ಕೆಡುತ್ತದೆ" ಎಂದರು. ಈ ಮಾತನ್ನು ನಮ್ಮ ಕಡೆ ನಾಯಿ ಸಾಕಿದ ಅರ್ಧ ಜನ ಹೇಳುತ್ತಾರೆ. ನಾನು ಅದನ್ನು ಶಾಸ್ತ್ರದಂತೆ ಪಾಲಿಸಿದೆ, ಅಷ್ಟೇ ಅಲ್ಲ, ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪಯ್ಯ, ಅಮ್ಮನಿಂದಲೂ ಪಾಲಿಸಿದೆವೆಂಬ ಲೆಕ್ಕ ಒಪ್ಪಿಸಿಕೊಂಡೆ. ಹಾಲು ಒಯ್ಯಲು ಬರುವ ಹುಡುಗ ದಣಪೆಯ, ಅಂದರೆ ಬೇಲಿಬಾಗಿಲಿನ, ಆಚೆಯೇ ನಿಲ್ಲಬೇಕು, ಅಡಿಕೆ ಗೊನೆ ಇಳಿಸುವ ಕೊನೆಗಾರರು ಬಂದ ದಿನ ಕರಿಯನನ್ನು ಕೊಟ್ಟಿಗೆಯ ಹಿಂದೆ ಸರಪಳಿಗೆ ಕಟ್ಟಬೇಕು, ನೆಂಟರ ಮಕ್ಕಳು ಹತ್ತಿರ ಸುಳಿಯಬಾರದು. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಜನ ಬಂದಾಗ ಅವನು ವಾರಗಟ್ಟಲೆ ಸರಪಳಿಯಲ್ಲೇ ಇದ್ದ.

ಇದರಿಂದ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಈ ಉತ್ತರದಲ್ಲಿ ಉಳಿದದ್ದನ್ನೆಲ್ಲ ಮರೆತರೂ ಚಿಂತೆಯಿಲ್ಲ. ನಾಯಿಮರಿಗೆ ಸುಮಾರು ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಲೋಕದಲ್ಲಿ ಯಾವುದು ಸಹಜ ಎಂಬುದು ಮನಸ್ಸಿನಲ್ಲಿ ಕೂರುತ್ತದೆ. ಕೊಡೆ ಹಿಡಿದವರು, ಕಂಬಳಿ ಹೊದ್ದವರು, ಕೋಲೂರಿ ನಡೆಯುವ ಮುದುಕರು, ಚೀರುವ ಮಕ್ಕಳು, ಬೈಕಿನ ಸದ್ದು, ವೈದ್ಯರ ಕೈ, ಇವನ್ನೆಲ್ಲ ಆಗ ಕಂಡು, ಮೂಸಿ, ಏನೂ ಕೇಡಾಗಲಿಲ್ಲವೆಂದು ಅರಿತ ಮರಿ ಮುಂದೆ ಅವುಗಳ ಎದುರು ಶಾಂತವಾಗಿ ನಿಲ್ಲುತ್ತದೆ. ಆ ಶಾಂತಿಯಿದ್ದಾಗ ಮಾತ್ರ ನಿಜವಾಗಿ ಅಸಹಜವಾದದ್ದನ್ನು ಅದು ಬೇರೆಯಾಗಿ ಗುರುತಿಸಬಲ್ಲದು. ಇದ್ಯಾವುದನ್ನೂ ಕಾಣದ ಮರಿಗೆ ಮನೆಯ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಒಂದೇ. ನಾವು ಶೌರ್ಯವೆಂದು ಹೆಮ್ಮೆಪಟ್ಟ ಕರಿಯನ ಗುರುಗುಟ್ಟುವಿಕೆಯಲ್ಲಿ ಹೆಚ್ಚಿನ ಪಾಲು ಹೆದರಿಕೆಯೇ ಇತ್ತು. ಸರಪಳಿ ಆ ಹೆದರಿಕೆಯನ್ನು ಬಲಪಡಿಸಿತು: ಓಡಿಹೋಗಲು ದಾರಿಯಿಲ್ಲದ ನಾಯಿಗೆ ಮೇಲೆ ಬೀಳುವುದೊಂದೇ ಉಪಾಯ, ಹಾಗೆ ಎಗರಿದಾಗಲೆಲ್ಲ ಎದುರಿಗಿದ್ದವರು ಹಿಂದೆ ಸರಿದದ್ದರಿಂದ ಅದು ಫಲಿಸುವ ಉಪಾಯವೆಂದು ಅವನು ಕಲಿತ. ಲಸಿಕೆ ಮುಗಿಯುವವರೆಗೆ ಹೊರಗೆ ಬಿಟ್ಟರೆ ಮರಿಗಳನ್ನು ಕೊಲ್ಲುವ ಪಾರ್ವೋ ಎಂಬ ಸೋಂಕು ತಗಲುತ್ತದೆ ಎಂಬ ನೆಪವೂ ನನಗೆ ಸಿಕ್ಕಿತ್ತು. ಅಪಾಯ ನಿಜವೇ. ಆದರೆ ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡು ಊರು ತೋರಿಸಬಹುದಿತ್ತು, ನಂಬಿಕಸ್ತರ ನಾಲ್ಕು ಕೈಗಳಿಂದ ಒಂದೊಂದು ತುತ್ತು ತಿನ್ನಿಸಬಹುದಿತ್ತು.

ಇದರ ಬೆಲೆ ತೆತ್ತವರು ಅಪ್ಪಯ್ಯ. ಒಂದು ಮಳೆಗಾಲದ ಬೆಳಿಗ್ಗೆ ಅಮ್ಮ ನೆಂಟರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದಾಗ ಅವರು ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದರು. ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿದಿತ್ತು. ಕರಿಯನ ಬೊಗಳಾಟ ಕೇಳಿ ಹಳ್ಳದಾಚೆಯ ಮನೆಯವರು ಓಡಿ ಬಂದರು, ಆ ಮಟ್ಟಿಗೆ ಅವನು ಉಪಕಾರ ಮಾಡಿದ. ಬಂದವರನ್ನು ಅಂಗಳಕ್ಕೆ ಕಾಲಿಡಲು ಮಾತ್ರ ಬಿಡಲಿಲ್ಲ. ಬಿದ್ದವರ ಮೇಲೆ ಅಡ್ಡ ನಿಂತು, ಒಂದು ಹೆಜ್ಜೆ ಮುಂದೆ ಬಂದವರ ಮೇಲೆ ಹಲ್ಲು ಕಿರಿಯುತ್ತ, ನಾನು ಅವನಿಂದ ಏನನ್ನು ಬಯಸಿದ್ದೆನೋ ಅದನ್ನೇ ಚಾಚೂ ತಪ್ಪದೆ ಮಾಡಿದ. 108ರ ವಾಹನ ಬಂದು ದಣಪೆಯಲ್ಲಿ ನಿಂತಿತು. ಅಪ್ಪಯ್ಯನ ಕ್ಷೀಣ ದನಿ ಅವನನ್ನು ಇನ್ನಷ್ಟು ಕೆರಳಿಸುತ್ತಿತ್ತೇ ಹೊರತು ಹಿಡಿತಕ್ಕೆ ತರುತ್ತಿರಲಿಲ್ಲ. ಯಾರೋ ಅಮ್ಮನಿಗೆ ಫೋನು ಮಾಡಿ, ಅವರು ಆಟೋ ಹಿಡಿದು ಬಂದು ಅವನ ಕೊರಳಪಟ್ಟಿಗೆ ಕೈ ಹಾಕುವವರೆಗೆ, ಗಂಟೆಗೂ ಮೀರಿ, ಅಪ್ಪಯ್ಯ ಮಳೆಯಲ್ಲಿ ನೆನೆಯುತ್ತ ಆ ಕಲ್ಲಿನ ಮೇಲೆಯೇ ಮಲಗಿದ್ದರು. ಶಸ್ತ್ರಚಿಕಿತ್ಸೆ ಆಯಿತು, ಅಂದಿನಿಂದ ಅವರು ವಾಕರ್ ಬಿಟ್ಟು ನಡೆದಿಲ್ಲ.

ಕರಿಯನನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ಊರವರು ಹೇಳಿದರು. ಅಪ್ಪಯ್ಯ ಒಪ್ಪಲಿಲ್ಲ, ಅದು ಸರಿಯೂ ಹೌದು. ಶಿವಮೊಗ್ಗದಿಂದ ತರಬೇತುದಾರರೊಬ್ಬರು ತಿಂಗಳುಗಟ್ಟಲೆ ಬಂದು ಹೋದರು. ಬಾಯಿಗೆ ಕುಕ್ಕೆ ಹಾಕಿಸಿಕೊಳ್ಳುವುದನ್ನೂ ಹಳ್ಳದಾಚೆಯ ಮನೆಯವರ ಮಾತು ಕೇಳುವುದನ್ನೂ ಅವನು ಕಲಿತ. ಹೊಸಬರ ಮೇಲಿನ ಅಪನಂಬಿಕೆ ಕಡೆಯವರೆಗೂ ಹೋಗಲಿಲ್ಲ.

ಈಗ ನೀವು ಕೇಳಿದ ತಳಿಗಳ ವಿಚಾರ. ಕಕೇಶಿಯನ್ ಶೆಫರ್ಡ್ ಬೇಡ, ಚರ್ಚೆಯೇ ಬೇಡ. ಪರ್ವತ ಪ್ರದೇಶದಲ್ಲಿ ಕುರಿಮಂದೆಯನ್ನು ತೋಳದಿಂದ ಕಾಯಲು ಬೆಳೆಸಿದ ನಾಯಿ ಅದು. ಯಜಮಾನನ ಅಪ್ಪಣೆಗೆ ಕಾಯದೆ ತಾನೇ ತೀರ್ಮಾನಿಸುವುದು ಅದರ ಗುಣ, ಅದರ ದಪ್ಪ ಇಮ್ಮಡಿ ತುಪ್ಪಳಕ್ಕೆ ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಒಂದು ಶಿಕ್ಷೆ. ಮುಧೋಳ ಚೆಂದದ ನಾಯಿ, ಆದರೆ ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ಬೇಟೆನಾಯಿ. ಮೊಲದ ಹಿಂದೆ ತೋಟ ದಾಟಿ ಓಡುವುದನ್ನು ಕಾವಲು ಎನ್ನಲಾಗದು. ರಾಟ್‌ವೀಲರ್ ದನ ಹೊಡೆಯುತ್ತ, ಗಾಡಿ ಎಳೆಯುತ್ತ ಮನುಷ್ಯರ ಜೊತೆ ಕೆಲಸ ಮಾಡಿ ಬಂದ ತಳಿಯಾದ್ದರಿಂದ ಮೂರರಲ್ಲಿ ಅದೇ ಮೇಲು. ಆದರೂ ಬೆಳೆದ ಗಂಡು 50 ಕಿಲೋ ತೂಗುತ್ತದೆ. ನಿಮ್ಮ ತಾಯಿಯವರ ತೂಕ ಎಷ್ಟೆಂದು ಒಮ್ಮೆ ಯೋಚಿಸಿ.

ಈ ತಳಿಗಳನ್ನು ನಿಷೇಧಿಸಿದ್ದಾರಲ್ಲವೇ ಎಂದೂ ಕೇಳಿದ್ದೀರಿ. ಕೇಂದ್ರದ ಪಶುಸಂಗೋಪನೆ ಇಲಾಖೆ 2024ರ ಮಾರ್ಚ್ 12ರಂದು ರಾಟ್‌ವೀಲರ್, ಕಕೇಶಿಯನ್ ಶೆಫರ್ಡ್ ಸೇರಿ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿದ್ದು ನಿಜ. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ಅದಕ್ಕಿಂತ ನಿಮಗೆ ಮುಖ್ಯವಾದದ್ದು ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು: ಸಾಕುಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾಯಿಯನ್ನು ದಿನವೂ ನೋಡಿಕೊಳ್ಳುವವರು ನಿಮ್ಮ ತಂದೆಯಾಗಿರುವಾಗ ಉತ್ತರ ಹೇಳಬೇಕಾದವರೂ ಅವರೇ ಆಗಬಹುದು.

ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಆ ವಯಸ್ಸಿನವರನ್ನು ಕಾಡುವುದು ಕಳ್ಳನಿಗಿಂತ ಹೆಚ್ಚಾಗಿ ಜಾರುವ ಅಂಗಳ, ಏರುವ ರಕ್ತದೊತ್ತಡ, ರಾತ್ರಿ ಹೊತ್ತು ತೆಗೆಯದ ಫೋನು. ಇವಕ್ಕೆಲ್ಲ ಬೇಕಾದದ್ದು ಮನೆಯೊಳಗೆ ಜನ ಸುಲಭವಾಗಿ ಬರುವ ದಾರಿ. ನೀವು ತರಹೊರಟಿರುವುದು ಆ ದಾರಿಗೆ ಅಡ್ಡ ಕೂರುವ ಪ್ರಾಣಿ. ಅಡಿಕೆಯನ್ನು ಗೋದಾಮಿಗೆ ಸಾಗಿಸಿ, ಅಂಗಳಕ್ಕೆ ದೀಪ ಹಾಕಿಸಿ, ಬೊಗಳಲು ಊರ ನಾಯಿಯೊಂದು ಸಾಕು. ಚಿರತೆ ಓಡಾಡುವ ಜಾಗವಾದರೆ ಯಾವ ತಳಿಯಾದರೂ ರಾತ್ರಿ ಒಳಗೇ ಮಲಗಬೇಕು, ಹಾಗಾಗಿ ದೊಡ್ಡ ನಾಯಿಯಿಂದ ರಾತ್ರಿ ಕಾವಲು ಎಂಬ ನಿಮ್ಮ ಎಣಿಕೆ ಅರ್ಧಕ್ಕೆ ಇಳಿಯುತ್ತದೆ.

ಅವರಿಗೆ ಜೊತೆ ಬೇಕು, ದೊಡ್ಡ ನಾಯಿಯೇ ಬೇಕು ಎಂದಾದರೆ ಮರಿ ತರಬೇಡಿ; ಎರಡು ವರ್ಷ ದಾಟಿದ, ಮಕ್ಕಳೂ ಆಳುಗಳೂ ಇರುವ ಮನೆಯಲ್ಲಿ ಬೆಳೆದ ಹೆಣ್ಣನ್ನು ಹುಡುಕಿ, ನಿಮ್ಮ ತಂದೆಯವರನ್ನು ಕರೆದೊಯ್ದು ತೋರಿಸಿ. ಅದಕ್ಕೂ ಮೊದಲು ಊರಿನಲ್ಲಿ, ನಿಮ್ಮ ತಂದೆತಾಯಿ ಇಲ್ಲದಿದ್ದಾಗಲೂ ಆ ನಾಯಿಯ ಪಟ್ಟಿ ಹಿಡಿದು ಪಕ್ಕಕ್ಕೆ ಕಟ್ಟಬಲ್ಲ ಇಬ್ಬರನ್ನು ಗೊತ್ತುಮಾಡಿಕೊಂಡು, ಅವರು ಒಪ್ಪಿದರೆ ಇಲ್ಲಿಯೇ ಬರೆಯಿರಿ. ನಾಯಿಯನ್ನು ನೋಡಲು ಹೋದಾಗ ಏನೇನು ಪರೀಕ್ಷಿಸಬೇಕೆಂದು ಆಮೇಲೆ ತಿಳಿಸುತ್ತೇನೆ.