ಕೊಯ್ದ ಸೋಯಾ ಮಳೆಗೆ ನೆನೆದರೆ ವಿಮೆ ಬರುತ್ತಾ?

ಕೊಯ್ದು ಹರವಿದ್ದ ಸೋಯಾ ನೆನೆದು ಕಾಯಲ್ಲೇ ಮೊಳಕೆ ಒಡೆದಿದೆ, ಫಸಲ್ ಬಿಮಾ (ಪ್ರಧಾನಮಂತ್ರಿ ಬೆಳೆ ವಿಮೆ) ಸಿಗುತ್ತಾ ಅಂತ ಕೇಳಿದ್ದೀರಿ. ಕೊಯ್ದ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕಿದ್ದರೆ ದಾರಿ ಇದೆ. ಆದರೆ ಬೆಳೆ ಹೊಲದಲ್ಲೇ ಒಣಗಲು ಬಿದ್ದಿರಬೇಕು. ಕಣದಲ್ಲಿ ಬಣವೆ ಒಟ್ಟಿದ್ದಕ್ಕೆ ಬರಲ್ಲ. ಮಳೆಯಾದ 72 ಗಂಟೆಯೊಳಗೆ ಬೆಳೆ ವಿಮೆ ಸಹಾಯವಾಣಿ 14447ಕ್ಕೆ ಫೋನ್ ಮಾಡಿ ವಿಮೆ ಅರ್ಜಿ ಸಂಖ್ಯೆ, ಸರ್ವೆ ನಂಬರ್, ಕೊಯ್ದ ತಾರೀಖು ಹೇಳಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಊರವರ ಹತ್ತಿರ ಬಾಯಿಮಾತಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಮೊಳಕೆ ಕಾಣುವ ಹಾಗೆ ಹತ್ತಿರದಿಂದ ಫೋಟೊ ತೆಗೆಯಿರಿ, ವಿಮೆಯವರು ನೋಡಲು ಬರುವವರೆಗೆ ಒಕ್ಕಿ ರಾಶಿ ಮಾಡಬೇಡಿ.

ಹೆಚ್ಚಿನವರು ಎಡವುವುದು ಬೇರೆ ಕಡೆ. ವಿಮೆ ಸೋಯಾಕ್ಕೆ ಕಟ್ಟಿ, ಬೆಳೆ ಸಮೀಕ್ಷೆಯಲ್ಲಿ ಅದೇ ಸರ್ವೆ ನಂಬರಿಗೆ ತೊಗರಿ ದಾಖಲಾಗಿದ್ದರೆ ಅರ್ಜಿಯೇ ತಿರಸ್ಕಾರವಾಗುತ್ತೆ. ಇವತ್ತೇ ಅದನ್ನು ನೋಡಿಕೊಳ್ಳಿ.