ಫೋಲ್ಡರ್‌ಗೆ ಬಂದ ಫೈಲು ಪೂರ್ತಿ ಬಂದಿದೆಯೇ?

ಪ್ರಶ್ನೆ: ನಮ್ಮ ಗ್ರಂಥಾಲಯದಲ್ಲಿ ಹಳೆಯ ಕನ್ನಡ ನಿಯತಕಾಲಿಕೆಗಳನ್ನು ಸ್ಕ್ಯಾನ್ ಮಾಡಿಸುತ್ತಿದ್ದೇವೆ. ಸ್ಕ್ಯಾನಿಂಗ್ ನಡೆಯುವ ಕಂಪ್ಯೂಟರಿನಿಂದ ಪ್ರತಿ ಸಂಚಿಕೆಯೂ ಹಲವು ಪುಟಗಳ ಒಂದೇ ಟಿಫ್ ಫೈಲಾಗಿ, ಉಬುಂಟು ಸರ್ವರಿನಲ್ಲಿ ಸಾಂಬಾ ಮೂಲಕ ಹಂಚಿಕೊಂಡಿರುವ ಫೋಲ್ಡರ್‌ಗೆ ಬಂದು ಸೇರುತ್ತದೆ. ನಿಗದಿತ ಸಮಯಕ್ಕೆ ಕೆಲಸ ಆರಂಭಿಸುವ ಲಿನಕ್ಸ್ ಸೌಲಭ್ಯವಾದ ಕ್ರಾನ್ ಐದು ನಿಮಿಷಕ್ಕೊಮ್ಮೆ ಒಂದು ಸ್ಕ್ರಿಪ್ಟ್ ಓಡಿಸುತ್ತದೆ. ಅದು ಟೆಸರ್ಯಾಕ್ಟ್ ಬಳಸಿ ಅಕ್ಷರ ಗುರುತಿಸಿ ಪಿಡಿಎಫ್ ಮಾಡುತ್ತದೆ. ಆದರೆ ಮೂರು ನಾಲ್ಕು ಸಂಚಿಕೆಗಳಲ್ಲಿ ಒಂದಕ್ಕೆ ಪುಟಗಳೇ ಕಡಿಮೆ ಬರುತ್ತಿವೆ, ಕೆಲವು ಎರಡೆರಡು ಸಲ ಸಂಸ್ಕರಣೆಗೊಳ್ಳುತ್ತಿವೆ. ಐದು ನಿಮಿಷವನ್ನು ಹದಿನೈದಕ್ಕೆ ಏರಿಸಿದರೆ ಸರಿಹೋಗುತ್ತದೆಯೇ? ಅಥವಾ ಕ್ರಾನ್ ಬಿಟ್ಟು, ಫೈಲುಗಳಲ್ಲಾಗುವ ಬದಲಾವಣೆಯನ್ನು ಆ ಕ್ಷಣವೇ ತಿಳಿಸುವ ಇನೋಟಿಫೈ ಬಳಸಬೇಕೇ? (ಗ್ರಂಥಪಾಲಕರು, ಧಾರವಾಡ)

ಉತ್ತರ: ಅವಧಿಯನ್ನು ಏರಿಸಿದರೆ ತೊಂದರೆ ಅಪರೂಪವಾಗುತ್ತದೆ, ಹೋಗುವುದಿಲ್ಲ. ಅಪರೂಪಕ್ಕೆ ಕಾಣಿಸಿಕೊಳ್ಳುವ ದೋಷವನ್ನು ಹಿಡಿಯುವುದು ಇನ್ನೂ ಕಷ್ಟ. ಫೋಲ್ಡರ್‌ನಲ್ಲಿ ಯಾವಾಗ ನೋಡಬೇಕು ಎಂಬುದನ್ನಷ್ಟೇ ಕ್ರಾನ್ ನಿರ್ಧರಿಸುತ್ತದೆ. ಅಲ್ಲಿ ಕಂಡ ಫೈಲು ಕೆಲಸಕ್ಕೆ ಸಿದ್ಧವಾಗಿದೆಯೇ ಎಂಬುದನ್ನು ಸ್ಕ್ರಿಪ್ಟ್ ಬೇರೆಯಾಗಿಯೇ ತಿಳಿದುಕೊಳ್ಳಬೇಕು.

ಲೆಕ್ಕ ಹಾಕಿ ನೋಡೋಣ. ಎ4 ಅಳತೆಯ ಪುಟವನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಸಂಕುಚಿಸದೆ ಉಳಿಸಿದರೆ ಅದು ಸುಮಾರು 26 ಎಂಬಿ ಆಗುತ್ತದೆ. 40 ಪುಟಗಳ ಸಂಚಿಕೆಯೆಂದರೆ ಒಂದು ಜಿಬಿಗಿಂತ ತುಸು ಹೆಚ್ಚು. 100 ಎಂಬಿಪಿಎಸ್ ಜಾಲದಲ್ಲಿ ಅದು ಸರ್ವರ್ ತಲುಪಲು ಏನಿಲ್ಲವೆಂದರೂ ಒಂದೂವರೆ ನಿಮಿಷ ಬೇಕು. ಈ ಒಂದೂವರೆ ನಿಮಿಷವೂ ಫೈಲಿನ ಹೆಸರು ಫೋಲ್ಡರ್‌ನಲ್ಲಿ ಕಾಣುತ್ತಲೇ ಇರುತ್ತದೆ, ಒಳಗಿನ ಪುಟಗಳು ಮಾತ್ರ ಇನ್ನೂ ಬರುತ್ತಿರುತ್ತವೆ. ಐದು ನಿಮಿಷಕ್ಕೊಮ್ಮೆ ಇಣುಕುವ ಸ್ಕ್ರಿಪ್ಟ್ ಆ ಅವಧಿಯಲ್ಲೇ ಇಣುಕುವ ಸಂಭವ ಹತ್ತರಲ್ಲಿ ಮೂರು. ನೀವು ಹೇಳಿದ ‘ಮೂರು ನಾಲ್ಕರಲ್ಲಿ ಒಂದು’ ಇದಕ್ಕೆ ಸರಿಯಾಗಿ ಹೊಂದುತ್ತದೆ. ಹದಿನೈದು ನಿಮಿಷ ಮಾಡಿದರೆ ಹತ್ತರಲ್ಲಿ ಒಂದಾದೀತು, ಅಷ್ಟೇ. ಬಹುಪುಟದ ಟಿಫ್‌ನಲ್ಲಿ ಪುಟಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಸಿಕೊಂಡಿರುವುದರಿಂದ, ಅರ್ಧ ಬಂದ ಫೈಲಿನಲ್ಲಿ ಅಲ್ಲಿಯವರೆಗಿನ ಪುಟಗಳು ತೆರೆದುಕೊಳ್ಳಬಹುದು. ದೋಷದ ದೊಡ್ಡ ಸೂಚನೆಯೇನೂ ಇಲ್ಲದೆ ಗಿಡ್ಡ ಪಿಡಿಎಫ್ ಸಿಗುವುದು ಹೀಗೆ.

ಇದಕ್ಕೆ ಅತ್ಯುತ್ತಮ ಪರಿಹಾರ ಕಳುಹಿಸುವ ಕಡೆಯಲ್ಲಿದೆ. ಫೈಲು ಬರುತ್ತಿರುವಾಗ ಅದಕ್ಕೊಂದು ತಾತ್ಕಾಲಿಕ ಹೆಸರಿಡಿ, ಉದಾಹರಣೆಗೆ ಕೊನೆಯಲ್ಲಿ ‘ಡಾಟ್ ಪಾರ್ಟ್’ ಸೇರಿಸಿ. ಪೂರ್ತಿ ಬಂದ ಮೇಲಷ್ಟೇ ನಿಜವಾದ ಹೆಸರಿಗೆ ಬದಲಿಸಿ. ಒಂದೇ ಫೈಲ್ ಸಿಸ್ಟಮ್‌ನೊಳಗೆ ಹೆಸರು ಬದಲಿಸುವ ಕ್ರಿಯೆ ಅವಿಭಾಜ್ಯವಾದದ್ದು: ನೋಡುವವರಿಗೆ ಹಳೆಯ ಹೆಸರು ಕಾಣುತ್ತದೆ ಇಲ್ಲವೇ ಹೊಸದು, ನಡುವಿನ ಸ್ಥಿತಿಯೊಂದು ಇರುವುದೇ ಇಲ್ಲ. ಆರ್‌ಸಿಂಕ್ ಎಂಬ ಫೈಲು ನಕಲಿಸುವ ಆಜ್ಞೆ ತಾನಾಗಿಯೇ ಹೀಗೆ ಮಾಡುತ್ತದೆ. ಚುಕ್ಕೆಯಿಂದ ಆರಂಭವಾಗುವ ಮರೆಯಾದ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ಹೆಸರು ಬದಲಿಸುತ್ತದೆ. ಒಂದು ಎಚ್ಚರಿಕೆ ಅಗತ್ಯ: ಬೇರೊಂದು ಡಿಸ್ಕಿನಿಂದ ಅಥವಾ ಪಾರ್ಟಿಷನ್‌ನಿಂದ ಫೈಲನ್ನು ‘ಮೂವ್’ ಮಾಡಿದರೆ ವಾಸ್ತವದಲ್ಲಿ ನಡೆಯುವುದು ನಕಲು ಮಾಡಿ ಅಳಿಸುವ ಕೆಲಸವೇ, ಆದ್ದರಿಂದ ಅಲ್ಲಿ ಈ ಭರವಸೆ ಸಿಗುವುದಿಲ್ಲ.

ಸ್ಕ್ಯಾನರಿನ ತಂತ್ರಾಂಶ ನಿಮ್ಮ ಮಾತು ಕೇಳದಿದ್ದರೆ ಎರಡನೆಯ ದಾರಿ ಹಿಡಿಯಬೇಕಾಗುತ್ತದೆ. ಪ್ರತಿ ಸರದಿಯಲ್ಲೂ ಫೈಲುಗಳ ಗಾತ್ರವನ್ನು ಬರೆದಿಟ್ಟುಕೊಂಡು, ಹಿಂದಿನ ಸರದಿಗೂ ಈ ಸರದಿಗೂ ಗಾತ್ರ ಬದಲಾಗದೆ ಉಳಿದವನ್ನು ಮಾತ್ರ ಕೈಗೆತ್ತಿಕೊಳ್ಳಿ. ಇದರಿಂದ ಪ್ರತಿ ಸಂಚಿಕೆಗೂ ಐದು ನಿಮಿಷ ತಡವಾಗುತ್ತದೆ, ಆಗಲಿ. ಆದರೆ ಇದು ಊಹೆಯೇ ಹೊರತು ಖಾತರಿಯಲ್ಲ. ನಡುವೆ ವೈಫೈ ಕಡಿದುಹೋದರೆ ಅರ್ಧ ಫೈಲಿನ ಗಾತ್ರವೂ ಸ್ಥಿರವಾಗಿಯೇ ನಿಲ್ಲುತ್ತದೆ. ಆದ್ದರಿಂದ ಸ್ಕ್ಯಾನ್ ಮಾಡುವವರು ಸಂಚಿಕೆಯ ಪುಟಸಂಖ್ಯೆಯನ್ನು ಒಂದು ಚಿಕ್ಕ ಪಠ್ಯ ಫೈಲಿನಲ್ಲಿ ಬರೆದು, ಟಿಫ್ ಪೂರ್ತಿ ಸೇರಿದ ನಂತರ ಅದೇ ಫೋಲ್ಡರ್‌ಗೆ ಹಾಕುವ ಪದ್ಧತಿ ಇಟ್ಟುಕೊಂಡರೆ ಒಳ್ಳೆಯದು. ಆ ಪಠ್ಯ ಫೈಲು ಬರುವವರೆಗೆ ಸ್ಕ್ರಿಪ್ಟ್ ಟಿಫ್ ಅನ್ನು ಮುಟ್ಟಬಾರದು. ಬಂದ ಮೇಲೆ ಪುಟಸಂಖ್ಯೆ ತಾಳೆಯಾಗದಿದ್ದರೆ ಮುಂದುವರಿಯಬಾರದು. ನನ್ನ ಮಟ್ಟಿಗೆ ಗಾತ್ರ ನೋಡುವುದಕ್ಕಿಂತ ಇದೇ ಮೇಲು, ಏಕೆಂದರೆ ಸ್ಕ್ಯಾನರ್ ಎರಡು ಹಾಳೆಗಳನ್ನು ಒಟ್ಟಿಗೆ ಎಳೆದುಕೊಂಡ ತಪ್ಪೂ ಇಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಎರಡೆರಡು ಸಲ ಆಗುವ ಸಂಗತಿ. ಕ್ರಾನ್‌ಗೆ ಹಿಂದಿನ ಸರದಿಯ ಕೆಲಸ ಮುಗಿಯಿತೇ ಎಂಬ ಚಿಂತೆಯಿಲ್ಲ. ಸಮಯವಾಯಿತೆಂದರೆ ಮತ್ತೊಂದು ಪ್ರತಿಯನ್ನು ಆರಂಭಿಸಿಬಿಡುತ್ತದೆ. 40 ಪುಟಗಳ ಕನ್ನಡ ಅಕ್ಷರ ಗುರುತಿಸಲು ಹಳೆಯ ಯಂತ್ರಕ್ಕೆ ಐದು ನಿಮಿಷ ಸಾಲದೇ ಹೋದಾಗ ಎರಡನೆಯ ಪ್ರತಿ ಅದೇ ಫೈಲನ್ನು ಮತ್ತೆ ಎತ್ತಿಕೊಳ್ಳುತ್ತದೆ, ಅದರಿಂದ ಯಂತ್ರ ಮತ್ತಷ್ಟು ನಿಧಾನವಾಗುತ್ತದೆ, ಆಗ ಮೂರನೆಯದೂ ಸೇರಿಕೊಳ್ಳುತ್ತದೆ. ಇದನ್ನು ತಡೆಯಲು ಹಲವರು ಒಂದು ಖಾಲಿ ಫೈಲನ್ನು ಬೀಗವೆಂದು ಸೃಷ್ಟಿಸಿ, ಕೆಲಸ ಮುಗಿದಾಗ ಅಳಿಸುತ್ತಾರೆ. ನಡುವೆ ಕರೆಂಟು ಹೋದರೆ ಆ ಬೀಗ ಹಾಗೆಯೇ ಉಳಿದು, ಯಾರಾದರೂ ಗಮನಿಸುವವರೆಗೆ ಯಾವ ಕೆಲಸವೂ ನಡೆಯುವುದಿಲ್ಲ. ಅದರ ಬದಲು ಲಿನಕ್ಸ್‌ನಲ್ಲಿಯೇ ಇರುವ ಎಫ್‌ಲಾಕ್ ಆಜ್ಞೆಯನ್ನು ಬಳಸಿ. ಕಾಯದೆ ಹಿಂದಿರುಗುವ ಅದರ ‘ಹೈಫನ್ ಎನ್’ ಆಯ್ಕೆಯನ್ನೂ ಸೇರಿಸಿ. ಈ ಬೀಗವನ್ನು ಹಿಡಿದಿಡುವುದು ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್, ಆದ್ದರಿಂದ ಸ್ಕ್ರಿಪ್ಟ್ ಹೇಗೇ ಕೊನೆಗೊಂಡರೂ ಅದು ತಾನಾಗಿಯೇ ಬಿಡುಗಡೆಯಾಗುತ್ತದೆ.

ಬೀಗದ ಜೊತೆಗೆ ಫೋಲ್ಡರ್‌ಗಳನ್ನೂ ವಿಂಗಡಿಸಿ: ಬಂದದ್ದು, ನಡೆಯುತ್ತಿರುವುದು, ಮುಗಿದದ್ದು, ಕೆಟ್ಟದ್ದು. ಇವು ನಾಲ್ಕೂ ಒಂದೇ ಡಿಸ್ಕಿನಲ್ಲಿರಲಿ. ಕೆಲಸ ಆರಂಭಿಸುವ ಮುನ್ನವೇ ಫೈಲನ್ನು ‘ನಡೆಯುತ್ತಿರುವುದು’ ಫೋಲ್ಡರ್‌ಗೆ ಸರಿಸಿ, ಸಿದ್ಧವಾಗುವ ಪಿಡಿಎಫ್ ಅನ್ನೂ ತಾತ್ಕಾಲಿಕ ಹೆಸರಿನಲ್ಲೇ ಬರೆದು ಕೊನೆಯಲ್ಲಿ ಹೆಸರು ಬದಲಿಸಿ. ಬೀಗ ದೊರೆತ ಕೂಡಲೇ ‘ನಡೆಯುತ್ತಿರುವುದು’ ಫೋಲ್ಡರ್‌ನಲ್ಲಿ ಏನಾದರೂ ಕಂಡರೆ, ಅದು ಹಿಂದಿನ ಸಲ ಅರ್ಧಕ್ಕೆ ನಿಂತದ್ದೇ ಆಗಿರಬೇಕು; ಅದನ್ನು ಮರಳಿ ‘ಬಂದದ್ದು’ ಫೋಲ್ಡರ್‌ಗೆ ಹಾಕಿ. ಒಂದೇ ಫೈಲು ಮೂರು ಸಲ ಹೀಗೆ ಮರಳಿದರೆ ‘ಕೆಟ್ಟದ್ದು’ ಫೋಲ್ಡರ್‌ಗೆ ಕಳುಹಿಸಿ, ಇಲ್ಲವಾದರೆ ಒಂದು ಹಾಳಾದ ಸಂಚಿಕೆ ಉಳಿದೆಲ್ಲವನ್ನೂ ತಡೆದು ನಿಲ್ಲಿಸುತ್ತದೆ.

ಮುಗಿದ ಫೈಲುಗಳ ಪಟ್ಟಿಯನ್ನು ಹೆಸರಿನಿಂದ ಇಟ್ಟುಕೊಳ್ಳುತ್ತಿದ್ದರೆ, ಕನ್ನಡದ ಹೆಸರುಗಳ ವಿಷಯದಲ್ಲಿ ಒಂದು ಬಲೆಯಿದೆ. ಯೂನಿಕೋಡ್‌ನಲ್ಲಿ ‘ೋ’ ಎಂಬ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತದೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ‘ಅಕ್ಟೋಬರ್’ ಸಂಚಿಕೆಗಳು ಸ್ಕ್ರಿಪ್ಟಿಗೆ ಬೇರೆ ಬೇರೆ ಫೈಲುಗಳಾಗಬಹುದು. ಹೆಸರಿನ ಬದಲು, ಫೈಲಿನ ಒಳಗಿನದನ್ನೇ ಲೆಕ್ಕ ಹಾಕಿ ಪಡೆಯುವ ಎಸ್‌ಎಚ್‌ಎ-256 ಮೊತ್ತವನ್ನು ಪಟ್ಟಿಯಲ್ಲಿಟ್ಟರೆ ಈ ಗೊಂದಲವೇ ಇರುವುದಿಲ್ಲ.

ಇನೋಟಿಫೈ 2005ರಲ್ಲಿ ಲಿನಕ್ಸ್ ಕರ್ನಲ್‌ನ 2.6.13ನೇ ಆವೃತ್ತಿಯೊಂದಿಗೆ ಬಂದದ್ದು. ಬರೆಯಲು ತೆರೆದ ಫೈಲು ಮುಚ್ಚಿದ ಕ್ಷಣವನ್ನು ಅದು ತಿಳಿಸಬಲ್ಲದು, ಮತ್ತು ಸಾಂಬಾ ನಿಮ್ಮ ಸರ್ವರಿನಲ್ಲೇ ಓಡುತ್ತಿರುವುದರಿಂದ ನಿಮ್ಮಲ್ಲಿ ಅದು ಕೆಲಸ ಮಾಡುತ್ತದೆ. ನಾಳೆ ಫೋಲ್ಡರ್ ಅನ್ನು ಜಾಲದಲ್ಲಿ ಪ್ರತ್ಯೇಕವಾಗಿರುವ ಸಂಗ್ರಹ ಸಾಧನವಾದ ಬೇರೊಂದು ಎನ್‌ಎಎಸ್‌ಗೆ ವರ್ಗಾಯಿಸಿ ಇಲ್ಲಿ ಮೌಂಟ್ ಮಾಡಿಕೊಂಡರೆ ಮಾತ್ರ, ಇತರ ಯಂತ್ರಗಳು ಅಲ್ಲಿ ಮಾಡುವ ಬದಲಾವಣೆ ನಿಮ್ಮ ಕರ್ನಲ್‌ಗೆ ತಿಳಿಯುವುದೇ ಇಲ್ಲ. ಕಾಯುವ ಪ್ರೋಗ್ರಾಂ ನಿಂತಿದ್ದಾಗ ಬಂದ ಫೈಲುಗಳ ಸುದ್ದಿಯೂ ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಇನೋಟಿಫೈ ಹಾಕಿಕೊಂಡವರೂ ಹಿನ್ನೆಲೆಯಲ್ಲಿ ಕಾಲಕಾಲಕ್ಕೆ ಒಂದು ಸುತ್ತು ನೋಡುವ ವ್ಯವಸ್ಥೆ ಇಟ್ಟುಕೊಳ್ಳಲೇಬೇಕಾಗುತ್ತದೆ. ಇಂದು ಸ್ಕ್ಯಾನ್ ಆದ ಸಂಚಿಕೆಯನ್ನು ಓದುಗರು ಮುಂದಿನ ವಾರ ಕೇಳುವ ಗ್ರಂಥಾಲಯಕ್ಕೆ ಕ್ರಾನ್ ಸಾಕು.

ಪ್ರಶ್ನೆ: ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹತ್ತು ನಿಮಿಷಕ್ಕೊಮ್ಮೆ ಜಿಎಸ್‌ಟಿ ಇನ್‌ವಾಯ್ಸ್ ಫೈಲುಗಳನ್ನು ಸಂಸ್ಕರಿಸುವ ಬ್ಯಾಚ್ ಫೈಲ್ ಇಟ್ಟಿದ್ದೇನೆ. ನಾನು ಲಾಗಿನ್ ಆಗಿದ್ದಾಗ ನಡೆಯುತ್ತದೆ, ಲಾಗ್ ಔಟ್ ಆದರೆ ಇಲ್ಲ. (ಲೆಕ್ಕಪರಿಶೋಧಕರ ಕಚೇರಿ, ಶಿವಮೊಗ್ಗ)

ಉತ್ತರ: ಫೋಲ್ಡರ್‌ನ ದಾರಿ ‘ಝಡ್’ನಂತಹ ಡ್ರೈವ್ ಅಕ್ಷರದಿಂದ ಆರಂಭವಾಗುತ್ತಿದೆಯೇ ನೋಡಿ. ಮ್ಯಾಪ್ ಮಾಡಿದ ಡ್ರೈವ್‌ಗಳು ನಿಮ್ಮ ಲಾಗಿನ್‌ಗೆ ಸೇರಿದವು. ನೀವು ಹೊರನಡೆದ ಮೇಲೆ ಓಡುವ ಟಾಸ್ಕಿಗೆ ಅವು ಕಾಣುವುದಿಲ್ಲ. ಎರಡು ಹಿಂದೋರೆ ಗೆರೆ ಹಾಕಿ ಸರ್ವರಿನ ಹೆಸರಿನಿಂದ ಆರಂಭವಾಗುವ ಪೂರ್ಣ ಜಾಲದಾರಿಯನ್ನು ಬರೆಯಿರಿ. ಬಳಕೆದಾರರು ಲಾಗಿನ್ ಆಗಿರಲಿ ಬಿಡಲಿ ಓಡಿಸುವ ಆಯ್ಕೆಯನ್ನೂ ಗುರುತು ಮಾಡಿ. ‘ಕಂಡಿಷನ್ಸ್’ ಪುಟದಲ್ಲಿ, ಕಂಪ್ಯೂಟರ್ ಎಸಿ ವಿದ್ಯುತ್ತಿನಲ್ಲಿದ್ದಾಗ ಮಾತ್ರ ಆರಂಭಿಸು ಎಂಬ ಆಯ್ಕೆ ಮೊದಲಿನಿಂದಲೇ ಗುರುತಾಗಿರುತ್ತದೆ; ಲ್ಯಾಪ್‌ಟಾಪ್‌ನಲ್ಲಿ ಕರೆಂಟು ಹೋದಾಗ ಕೆಲಸ ನಿಲ್ಲುವುದು ಇದರಿಂದಲೇ, ಅದನ್ನು ತೆಗೆದುಹಾಕಿ. ಒಂದು ಸಮಾಧಾನವಿದೆ: ಹಿಂದಿನ ಸರದಿ ಇನ್ನೂ ಓಡುತ್ತಿದ್ದರೆ ಹೊಸದನ್ನು ಆರಂಭಿಸದಿರುವುದೇ ಇಲ್ಲಿ ಮೂಲ ಆಯ್ಕೆ. ಧಾರವಾಡದವರ ಎರಡನೆಯ ಕಾಟ ನಿಮಗಿಲ್ಲ.

ಪ್ರಶ್ನೆ: ಕ್ಲೌಡ್ ಸರ್ವರಿನಲ್ಲಿ ಪ್ರತಿ ಸೋಮವಾರ ನಸುಕಿನ ಎರಡು ಗಂಟೆಗೆ ಫೋಲ್ಡರ್ ಖಾಲಿ ಮಾಡುವಂತೆ ಕ್ರಾನ್ ಹಾಕಿದರೆ, ಅದು ಬೆಳಿಗ್ಗೆ ಏಳೂವರೆಗೆ ಓಡುತ್ತಿದೆ. (ಬೆಂಗಳೂರು)

ಉತ್ತರ: ನಿಮ್ಮ ಸರ್ವರ್ ಯುಟಿಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣ ಸಮಯದಲ್ಲಿದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಸಮಯ ವಲಯವನ್ನು ಬದಲಿಸುವ ಅನುಮತಿ ನಿಮಗಿಲ್ಲದಿದ್ದರೆ ಸಾಲನ್ನು 30 20 * * 0 (ನಿಮಿಷ, ಗಂಟೆ, ದಿನಾಂಕ, ತಿಂಗಳು, ವಾರ; 0 ಎಂದರೆ ಭಾನುವಾರ) ಎಂದು ತಿದ್ದಿ. ನಮ್ಮ ಸೋಮವಾರದ ನಸುಕಿನ ಎರಡು ಗಂಟೆಯೆಂದರೆ ಅಲ್ಲಿ ಭಾನುವಾರ ರಾತ್ರಿ ಎಂಟೂವರೆ. ಗಂಟೆಯನ್ನು ಮಾತ್ರ ತಿದ್ದಿ ವಾರವನ್ನು ಸೋಮವಾರವೆಂದೇ ಬಿಟ್ಟರೆ ಕೆಲಸ ನಿಮ್ಮ ಲೆಕ್ಕದ ಮಂಗಳವಾರಕ್ಕೆ ಜಾರುತ್ತದೆ.